ಅಣಬೆಯ ಕೋಣೆಯಲ್ಲಿ ಹಸಿರು ತಂತಿ

ಮುಂಗಾರು ಬಿದ್ದ ಮೇಲೆ ಹೊಲದ ಬದುವಿನಲ್ಲಿ, ಹುತ್ತದ ಬುಡದಲ್ಲಿ ತಾನಾಗಿ ಏಳುತ್ತಿದ್ದ ಅಣಬೆ ಈಗ ಮನೆಯೊಳಗೆ ಬಂದಿದೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆನೆಲದಲ್ಲಿ ಬೆಳೆಯುವ ತೊಗರಿಗೂ ಜೋಳಕ್ಕೂ ಎಕರೆಗಟ್ಟಲೆ ಭೂಮಿ ಬೇಕು. ಅಣಬೆಗಾದರೋ ಒಂದು ಕೋಣೆ, ಒಂದಿಷ್ಟು ಹುಲ್ಲು, ಒಳ್ಳೆಯ ಬೀಜ ಇವಿಷ್ಟೇ ಸಾಕು. ಬೆಳೆಯುವ ಕ್ರಮವನ್ನು ಕೇಳಿ ತಿಳಿಯಬೇಕೆಂಬವರಿಗೆ ಕಲಬುರಗಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವುಂಟು. ಬೆಂಗಳೂರಿನ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯುಂಟು. ಆದರೆ ಆ ಕೋಣೆಗೆ ಎಳೆಯುವ ವಿದ್ಯುತ್ ತಂತಿಯ ವಿಚಾರವು ಎಲ್ಲಕ್ಕಿಂತ ಕೊನೆಯಲ್ಲಿ ನೆನಪಾಗುತ್ತದೆ. ಮೊದಲು ನೆನಪಾಗಬೇಕಾದುದು ಅದೇ.

ಚಿಪ್ಪಣಬೆಗೆ ತಂಪು ಬೇಕು, ತೇವ ಬೇಕು. ನೆನೆಸಿದ ಹುಲ್ಲನ್ನು 80 ಡಿಗ್ರಿಯಷ್ಟು ಬಿಸಿಯಾದ ನೀರಿನಲ್ಲಿ ಇಟ್ಟು ತೆಗೆದು, ಬೀಜ ಬೆರೆಸಿ, ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ತೂಗುಹಾಕುತ್ತಾರೆ. 15ರಿಂದ 20 ದಿನ ಕತ್ತಲೆಯಲ್ಲಿಟ್ಟ ಮೇಲೆ, ಗಾಳಿಯಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚಿನ ತೇವ ಉಳಿಯುವಂತೆ ದಿನಕ್ಕೆ ಎರಡು ಮೂರು ಬಾರಿ ನೀರು ಚಿಮುಕಿಸಬೇಕು. ಭೀಮಾ ತೀರದ ಬೇಸಿಗೆಯೋ 40 ಡಿಗ್ರಿಯನ್ನು ದಾಟುವಂಥದು. ಆದುದರಿಂದ ಕೋಣೆಗೆ ಕೂಲರ್ ಬರುತ್ತದೆ, ಗಾಳಿ ಹೊರದೂಡುವ ಫ್ಯಾನ್ ಬರುತ್ತದೆ, ಮಂಜಿನಂತೆ ನೀರು ಸಿಂಪಡಿಸುವ ಪಂಪು ಬರುತ್ತದೆ, ದೀಪಗಳು ಬರುತ್ತವೆ. ನೆಲಕ್ಕೆ ಹಾಸಿದ್ದು ಶಹಾಬಾದ್ ಕಲ್ಲು. ಅದರ ಮೇಲೆ ಸದಾ ನೀರು. ಕೊಡ ಹಿಡಿದು ಬರಿಗಾಲಿನಲ್ಲಿ ಒಳಗೆ ಬರುವವಳು ಮನೆಯೊಡತಿ. ನೀರು, ಕಬ್ಬಿಣ, ವಿದ್ಯುತ್ತು ಮೂರೂ ಒಂದೇ ಕೋಣೆಯಲ್ಲಿ ಕೂಡಿದಾಗ ಒಂದು ಸಣ್ಣ ತಪ್ಪಿಗೂ ಜೀವವೇ ಬೆಲೆಯಾಗಬಹುದು.

ಎಷ್ಟು ವಿದ್ಯುತ್ತು ಮನುಷ್ಯನಿಗೆ ಅಪಾಯ? ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್ ಇದನ್ನು ಪ್ರಯೋಗಗಳಿಂದ ಅಳೆದು ನೋಡಿದರು. ಸರಾಸರಿಯಲ್ಲಿ ಗಂಡಸರಿಗೆ 16 ಮಿಲಿ ಆಂಪಿಯರ್, ಹೆಂಗಸರಿಗೆ ಹತ್ತೂವರೆ ಮಿಲಿ ಆಂಪಿಯರ್ ದಾಟಿದರೆ ಹಿಡಿದ ತಂತಿಯನ್ನು ಕೈ ಬಿಡಲಾರದು. ಸ್ನಾಯುಗಳು ಮಾತು ಕೇಳುವುದಿಲ್ಲ. 100 ಮಿಲಿ ಆಂಪಿಯರ್ ಎದೆಯ ಮೂಲಕ ಹರಿದರೆ ಹೃದಯದ ಬಡಿತವೇ ತಾಳ ತಪ್ಪಬಹುದು. ಮನೆಯ ಫ್ಯೂಜು ಕರಗುವುದಕ್ಕಾದರೋ 5 ಆಂಪಿಯರ್, ಎಂದರೆ 5,000 ಮಿಲಿ ಆಂಪಿಯರ್‌ಗಿಂತ ಹೆಚ್ಚು ಬೇಕು. ಫ್ಯೂಜು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಈ ಒಂದು ಮಾತನ್ನು ಮನೆಮಂದಿಯೆಲ್ಲ ಮನಸ್ಸಿನಲ್ಲಿಟ್ಟುಕೊಂಡರೆ ಉಳಿದುದೆಲ್ಲ ಸುಲಭವಾಗಿ ಅರ್ಥವಾದೀತು.

ಮೂರು ಕಾಲಿನ ಪ್ಲಗ್ಗಿನಲ್ಲಿ ದಪ್ಪನೆಯ ಕಾಲಿಗೆ ಸೇರುವ ಹಸಿರು ತಂತಿಯೇ ಭೂಮಿಯ ತಂತಿ. ಕೂಲರಿನ ಒಳಗೆ ತಂತಿಯ ಹೊದಿಕೆ ಹರಿದು ತಗಡಿಗೆ ತಗಲಿದರೆ, ವಿದ್ಯುತ್ತನ್ನು ನೆಲಕ್ಕೆ ಇಳಿಸುವುದು ಇದರ ಕೆಲಸ. ಆದರೆ ಎರೆಮಣ್ಣಿನ ಸ್ವಭಾವವನ್ನು ಇಲ್ಲಿ ಮರೆಯಬಾರದು. ಮಳೆಗಾಲದಲ್ಲಿ ಉಬ್ಬುವ ಈ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಹೂತಿಟ್ಟ ಕೊಳವೆಗೂ ಮಣ್ಣಿಗೂ ಇದ್ದ ನಂಟು ಸಡಿಲವಾಗುತ್ತದೆ. ಅಂಥ ಒಣ ಗುಂಡಿಯ ತಡೆ 50 ಓಮ್ ಎಂದು ಇಟ್ಟುಕೊಳ್ಳೋಣ. 230 ವೋಲ್ಟನ್ನು 50ರಿಂದ ಭಾಗಿಸಿದರೆ ಹರಿಯುವುದು 4.6 ಆಂಪಿಯರ್ ಮಾತ್ರ. 5 ಆಂಪಿಯರಿನ ಫ್ಯೂಜು ಕರಗುವುದಿಲ್ಲ. ಕೂಲರ್ ತಿರುಗುತ್ತಲೇ ಇರುತ್ತದೆ. ಅದರ ತಗಡಿನ ಮೈಯಲ್ಲಿ ಮಾತ್ರ ಮೃತ್ಯು ನಿಂತಿರುತ್ತದೆ. ಕೂಲರ್ ಬೇಕೆನಿಸುವ ತಿಂಗಳೇ ಅರ್ಥಿಂಗ್ ದುರ್ಬಲವಾಗುವ ತಿಂಗಳು ಎಂಬುದನ್ನು ಗಮನಿಸಬೇಕು. ಎರಡೂವರೆ ಮೀಟರಿಗೆ ಕಡಿಮೆಯಿಲ್ಲದ ಕೊಳವೆಯನ್ನು ಇದ್ದಲು, ಉಪ್ಪುಗಳೊಡನೆ ಹೂತು, ಬೇಸಿಗೆಯಲ್ಲಿ ಆ ಗುಂಡಿಗೆ ತಪ್ಪದೆ ನೀರು ಹಾಕುತ್ತಿರಬೇಕು.

ಅಷ್ಟರಿಂದಲೇ ನಿಶ್ಚಿಂತೆಯಿಲ್ಲ. ಆರ್.ಸಿ.ಸಿ.ಬಿ. ಎಂಬ ಸಣ್ಣ ಪೆಟ್ಟಿಗೆಯೊಂದು ಈ ಕೋಣೆಗೆ ಅತ್ಯಗತ್ಯ. ಹೋದ ವಿದ್ಯುತ್ತು ಅಷ್ಟಕ್ಕಷ್ಟೇ ಹಿಂತಿರುಗಿತೆ ಎಂದು ಅದು ಸದಾ ಲೆಕ್ಕ ನೋಡುತ್ತದೆ. 30 ಮಿಲಿ ಆಂಪಿಯರ್ ಎಲ್ಲಿಯಾದರೂ ಸೋರಿದರೆ ಕ್ಷಣಾರ್ಧದಲ್ಲಿ ಸಂಪರ್ಕವನ್ನು ಕತ್ತರಿಸುತ್ತದೆ. ಈ ಬಗೆಯ ಉಪಕರಣವೊಂದನ್ನು ಡಾಲ್ಜಿಯಲ್ ಅವರೂ 1961ರಲ್ಲಿ ರೂಪಿಸಿದ್ದರು. ಅರ್ಥಿಂಗ್ ಸರಿಯಾಗಿದ್ದರೆ, ಯಾರೂ ಮುಟ್ಟುವ ಮೊದಲೇ ಇದು ಎಚ್ಚರಗೊಳ್ಳುತ್ತದೆ. ಇದರ ಮೇಲಿನ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಮೇಲಿಂದ ಮೇಲೆ ಬೀಳುತ್ತಿದ್ದರೆ ದೋಷವನ್ನು ಹುಡುಕಬೇಕೇ ಹೊರತು ಪೆಟ್ಟಿಗೆಯನ್ನೇ ತಪ್ಪಿಸಿ ತಂತಿ ಕೊಡಬಾರದು. ಒಂದೇ ಸಲಕ್ಕೆ ಎರಡೂ ತಂತಿಗಳನ್ನು ಹಿಡಿದವರನ್ನು ಇದು ಕಾಪಾಡಲಾರದು. ಮಿತಿಮೀರಿದ ಭಾರವನ್ನೂ ತಡೆಯಲಾರದು. ಅದಕ್ಕೆ ಎಂ.ಸಿ.ಬಿ. ಬೇರೆಯಾಗಿಯೇ ಬೇಕು.

ಭಾರದ ಲೆಕ್ಕವೂ ಸರಳವಾದುದೇ. ನೀರು ಕಾಯಿಸುವ 1,500 ವ್ಯಾಟಿನ ರಾಡು ಸುಮಾರು ಆರೂವರೆ ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರಿನ ಸಣ್ಣ ಪ್ಲಗ್ಗಿಗೆ ಸಿಕ್ಕಿಸಿದರೆ ಪ್ಲಗ್ಗು ಕಾಯ್ದು ಕರಗುತ್ತದೆ. ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಕಾವು ನಾಲ್ಮಡಿ. ಪಕ್ಕದಲ್ಲೇ ಒಣಹುಲ್ಲಿನ ರಾಶಿಯಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ದೀಪಗಳಿಗೆ ಒಂದೂವರೆ, 16 ಆಂಪಿಯರಿನ ಪ್ಲಗ್ಗಿಗೆ ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿ ಇರಲಿ. ಹುಲ್ಲಿನ ನೀರನ್ನಂತೂ ಹೊರಗಿನ ಒಲೆಯ ಮೇಲೆ ಕಾಯಿಸುವುದೇ ಲೇಸು.

ಸ್ವಿಚ್ಚುಗಳ ಹಲಗೆ ಕೋಣೆಯ ಹೊರಗಿರಬೇಕು. ತಂತಿಗಳು ಕೊಳವೆಯೊಳಗೆ, ಗೋಡೆಯ ಮೇಲ್ಭಾಗದಲ್ಲಿ ಹಾಯಬೇಕು. ದೀಪಗಳಿಗೆ ನೀರು ಹೊಗದ ಗೂಡು ಬೇಕು. ಎಕ್ಸ್‌ಟೆನ್ಷನ್ ಬೋರ್ಡು ನೆಲದ ಮೇಲೆ ಬಿದ್ದಿರಬಾರದು. ಹಳೆಯ ಮಾಳಿಗೆ ಮನೆಯಾದರೆ ತೊಲೆಗಳ ಮೇಲಿನ ತಂತಿಗಳನ್ನು ಇಲಿ ಕಡಿದಿದೆಯೇ ಎಂದು ನೋಡಬೇಕು. ಕೂಲರಿಗೆ ನೀರು ತುಂಬುವಾಗ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಫ್ಯೂಜಿನ ಜಾಗದಲ್ಲಿ ದಪ್ಪ ತಂತಿ ಸುತ್ತುವುದು, ನ್ಯೂಟ್ರಲ್ ಇಲ್ಲದಾಗ ಅರ್ಥಿಂಗಿನಿಂದಲೇ ದೀಪ ಉರಿಸುವುದು ಇವು ಜಾಣತನವಲ್ಲ. ಕೆಲಸವನ್ನು ಪರವಾನಗಿ ಪಡೆದ ವೈರ್‌ಮನ್‌ನಿಂದಲೇ ಮಾಡಿಸಬೇಕು. ಕಂಬದಿಂದ ಬರುವ ತಂತಿಯಲ್ಲಿ ದೋಷ ಕಂಡರೆ ಜೆಸ್ಕಾಂಗೆ 1912ರಲ್ಲಿ ತಿಳಿಸಬಹುದು.

ಇಷ್ಟಾದರೂ ಯಾರಿಗಾದರೂ ಆಘಾತವಾದರೆ, ಓಡಿಹೋಗಿ ಅವರನ್ನು ಮುಟ್ಟಬಾರದು. ಮೊದಲು ಮೇನ್ ಆರಿಸಬೇಕು. ಅದು ಆಗದಿದ್ದರೆ ಒಣ ನೆಲದಲ್ಲಿ ನಿಂತು ಒಣ ಮರದ ಕೋಲಿನಿಂದ ತಂತಿಯನ್ನು ಸರಿಸಬೇಕು. ಉಸಿರು ನಿಂತಿದ್ದರೆ ಎದೆಯ ನಡುವೆ ಎರಡೂ ಕೈಯೂರಿ, ನಿಮಿಷಕ್ಕೆ ನೂರಕ್ಕೂ ಮಿಕ್ಕಿ ಒತ್ತುತ್ತಾ 108ರ ವಾಹನಕ್ಕೆ ಕರೆ ಕಳುಹಿಸಬೇಕು.

ಕಡುಬೇಸಿಗೆಯಲ್ಲಿ ಬೆಳೆ ನಿಲ್ಲಿಸಿ, ಮಳೆಗಾಲ ಚಳಿಗಾಲಗಳಲ್ಲಿ ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟಿ ಅಣಬೆ ಬೆಳೆಯುವವರಿಗೆ ಈ ಯಂತ್ರಗಳ ಹಂಗು ಬಹುಮಟ್ಟಿಗೆ ಇಲ್ಲ. ಯಂತ್ರ ಬೇಕೆಂಬವರು ಕೂಲರನ್ನು ಕೊಳ್ಳುವ ಮುನ್ನ ಆರ್.ಸಿ.ಸಿ.ಬಿ.ಯನ್ನು ಕೊಳ್ಳಲಿ. ಒಂದು ಬೆಳೆ ಕೆಟ್ಟರೆ ಒಂದೂವರೆ ತಿಂಗಳಲ್ಲಿ ಇನ್ನೊಂದು ಬೆಳೆ ಬಂದೀತು. ಅದಕ್ಕೆ ನೀರು ಚಿಮುಕಿಸುವ ಕೈ ಮತ್ತೆ ಬಾರದು.