ಯೂನಿಫಾರ್ಮ್ ಬಿಚ್ಚಿಟ್ಟ ಚಿತ್ರಕಾರ

ಸಂಬಳದ ಕೆಲಸ ಬಿಟ್ಟು ಇಷ್ಟದ ಕೆಲಸ ಹಿಡಿದವರ ಕಥೆಗಳು ನಮ್ಮ ಫೋನಿಗೆ ದಿನಾ ಬರ್ತಾನೇ ಇರುತ್ತವೆ. ಎಲ್ಲದರಲ್ಲೂ ಕೊನೆಗೆ ಗೆಲುವೇ. ರಷ್ಯಾದ ಪಾವೆಲ್ ಫೆದೊತೊವ್ ಕಥೆ ಹಾಗಿಲ್ಲ. ಅದಕ್ಕೇ ಈ ವಾರ ಅವನು.

1815ರಲ್ಲಿ ಮಾಸ್ಕೋದ ಬಡ ಕುಟುಂಬವೊಂದರಲ್ಲಿ ಹುಟ್ಟಿದ. ಸೈನಿಕ ಶಾಲೆ, ಆಮೇಲೆ ಪೀಟರ್ಸ್‌ಬರ್ಗ್‌ನಲ್ಲಿ ಗಾರ್ಡ್ಸ್ ರೆಜಿಮೆಂಟಿನ ಅಧಿಕಾರಿ. ಹಗಲು ಡ್ಯೂಟಿ, ಸಂಜೆ ಕಲಾ ಅಕಾಡೆಮಿಯಲ್ಲಿ ಡ್ರಾಯಿಂಗ್ ಕ್ಲಾಸು. 1844ರಲ್ಲಿ ರಾಜೀನಾಮೆ ಕೊಟ್ಟ. ಸಿಕ್ಕಿದ ಪಿಂಚಣಿ ತಿಂಗಳಿಗೆ ಬರೀ 100 ರೂಬಲ್. ಅದರಲ್ಲೇ ಮಾಸ್ಕೋದ ಮನೆಗೂ ಕಳಿಸಬೇಕು. ಯುದ್ಧದ ಚಿತ್ರ ಬಿಟ್ಟು ಜನರ ಬದುಕು ಬರಿ ಅಂತ ನೀತಿಕಥೆಗಳ ಕವಿ ಕ್ರಿಲೋವ್ ಪತ್ರ ಬರೆದು ಹುರಿದುಂಬಿಸಿದ್ದರು.

1846ರಲ್ಲಿ ಅವನು ಬರೆದ ಒಂದು ಚಿತ್ರ ನೋಡಿ. ಮೊದಲ ಪದಕ ಸಿಕ್ಕ ಗುಮಾಸ್ತ, ರಾತ್ರಿ ಪಾರ್ಟಿ ಮುಗಿದ ಬೆಳಿಗ್ಗೆ, ಹರಿದ ಗೌನಿನ ಮೇಲೇ ಪದಕ ಸಿಕ್ಕಿಸಿಕೊಂಡು ರೋಮನ್ ವೀರನ ಹಾಗೆ ನಿಂತಿದ್ದಾನೆ. ಅಡುಗೆಯವಳು ಅವನ ತೂತು ಬೂಟನ್ನೇ ಎತ್ತಿ ತೋರಿಸ್ತಾ ಇದ್ದಾಳೆ! ಪ್ರಮೋಷನ್ ಮೇಲ್ ಬಂದ ಮರುದಿನ ನಮ್ಮ ಆಫೀಸಿನಲ್ಲೂ ಇಂಥವರು ಸಿಗ್ತಾರೆ ಬಿಡಿ.

‘ಮೇಜರನ ಹೆಣ್ಣು ನೋಡುವ ಶಾಸ್ತ್ರ’ ಬಂದದ್ದು 1848ರಲ್ಲಿ. ಸಾಲದಲ್ಲಿರೋ ಮೇಜರನಿಗೆ ದುಡ್ಡು ಬೇಕು, ವ್ಯಾಪಾರಿಗೆ ದೊಡ್ಡ ಮನೆತನದ ನಂಟು ಬೇಕು. ಒಳಗೆ ಓಡುತ್ತಿರುವ ಹುಡುಗಿಯ ಲಂಗ ಹಿಡಿದು ಅಮ್ಮ ಎಳೀತಿದ್ದಾಳೆ. ಆ ವ್ಯಾಪಾರಿಯ ಹಜಾರಕ್ಕೆ ತಕ್ಕ ಗೊಂಚಲುದೀಪ ಹುಡುಕಿ ಅಲೆದು, ಕೊನೆಗೆ ಒಂದು ಹೋಟೆಲಿನ ಕಿಟಕಿಯಲ್ಲಿ ಕಂಡಾಗ ಸೀದಾ ಒಳಗೆ ನುಗ್ಗಿದನಂತೆ. ಈ ಚಿತ್ರಕ್ಕೆ ಅಕಾಡೆಮಿಶಿಯನ್ ಪದವಿ ಬಂತು, ಜನ ಮುಗಿಬಿದ್ದರು.

ದುಡ್ಡು ಮಾತ್ರ ಬರಲಿಲ್ಲ. 1848ರ ಯುರೋಪಿನ ಕ್ರಾಂತಿಗಳ ನಂತರ ಸೆನ್ಸಾರ್ ಬಿಗಿಯಾಯಿತು. ಗುಮಾಸ್ತನ ಚಿತ್ರವನ್ನು ಅಚ್ಚು ಹಾಕಬೇಕಾದರೆ ಪದಕ ತೆಗೀಬೇಕು ಅಂದರು. ಪದಕ ತೆಗೆದರೆ ಆ ಚಿತ್ರದಲ್ಲಿ ಉಳಿಯೋದೇನು? ಮನೆಯ ಸಾಲವೂ ಹೆಗಲ ಮೇಲಿತ್ತು. 1852ರಲ್ಲಿ ಮನಸ್ಸಿನ ಸ್ಥಿಮಿತ ತಪ್ಪಿ ಆಸ್ಪತ್ರೆ ಸೇರಿದವನು ಅಲ್ಲೇ ತೀರಿಕೊಂಡ. ವಯಸ್ಸು 37. ಸೈನ್ಯದ ದಿನಗಳಿಂದ ಜೊತೆಗಿದ್ದ ಆಳು ಕೊನೆವರೆಗೂ ಬಿಟ್ಟುಹೋಗಲಿಲ್ಲ.

ನನಗೆ ತುಂಬಾ ಕಾಡೋದು ಕೊನೆಯ ದಿನಗಳ ‘ಇನ್ನೊಮ್ಮೆ, ಮತ್ತೂ ಒಮ್ಮೆ’. ದೂರದ ಹಳ್ಳಿಯ ಗುಡಿಸಲಿನಲ್ಲಿ ಒಬ್ಬ ಅಧಿಕಾರಿ ಬೆಂಚಿನ ಮೇಲೆ ಮಲಗಿ, ನಾಯಿಯನ್ನು ಕೋಲಿನ ಮೇಲಿಂದ ಹಾರಿಸ್ತಾನೇ ಇದ್ದಾನೆ. ಹೊತ್ತು ಹೋಗಬೇಕಲ್ಲ. ಒಂದೇ ಮೇಣದಬತ್ತಿಯ ಕೆಂಪು ಬೆಳಕು. ಚಿತ್ರ ಮಾಸ್ಕೋದ ತ್ರೆತ್ಯಕೋವ್ ಗ್ಯಾಲರಿಯಲ್ಲಿದೆ. ಫೋನಿನಲ್ಲಿ ನೋಡೋದಾದ್ರೆ ಬ್ರೈಟ್‌ನೆಸ್ ಜಾಸ್ತಿ ಮಾಡ್ಕೊಳ್ಳಿ, ಇಲ್ಲದಿದ್ರೆ ನಾಯಿ ಕಾಣೋದೇ ಇಲ್ಲ.