ಹಿರಿಯರೂ ಶಿಷ್ಯರು, ಕಿರಿಯರೂ ಗುರುಗಳು

ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ನಿವೃತ್ತಿಯ ಅಂಚಿನಲ್ಲಿರುವ ಹಿರಿಯ ದಾದಿಯರೂ, ಆಗತಾನೆ ನರ್ಸಿಂಗ್ ಕಲಿತು ಬಂದ ತರುಣ ತರುಣಿಯರೂ ಕೂಡಿ ದುಡಿಯುವುದನ್ನು ವಾಚಕರು ಕಂಡಿರಬಹುದು. ಗಾಜಿನ ಸಿರಿಂಜನ್ನು ಕುದಿಸಿ ಬಳಸಿದವರು ಅವರು. ಕಂಪ್ಯೂಟರಿನಲ್ಲಿ ರೋಗಿಯ ದಾಖಲೆ ಬರೆಯುವವರು ಇವರು. ಇಂದಿನವರಿಗೆ ತಾಳ್ಮೆಯಿಲ್ಲವೆಂದು ಹಿರಿಯರೂ, ಇವರಿಗೆ ಹೊಸದು ಬೇಡವೆಂದು ಕಿರಿಯರೂ ಗೊಣಗುವುದುಂಟು. ಇದು ಬೆಳೆದರೆ ಹಿರಿಯರ ಉತ್ಸಾಹ ಕುಂದುತ್ತದೆ, ಕಿರಿಯರು ಕೆಲಸ ಬಿಡುತ್ತಾರೆ. ಅದರ ಫಲವನ್ನು ಉಣ್ಣುವವನು ರೋಗಿ.

ಅಮೆರಿಕದ ಶುಶ್ರೂಷಾ ವಿದುಷಿ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ದಾದಿಯ ಬೆಳವಣಿಗೆಗೆ ಐದು ಹಂತಗಳನ್ನು ಹೇಳಿದ್ದಾರೆ. ಹೊಸಬರು ನಿಯಮ ಹಿಡಿದು ನಡೆಯುತ್ತಾರೆ. ನುರಿತವರು ಅನುಭವಬಲದಿಂದ ರೋಗಿಯ ಸ್ಥಿತಿಯನ್ನು ಒಟ್ಟಾಗಿ ಗ್ರಹಿಸುತ್ತಾರೆ. ಆದರೆ ಅನುಭವವಿಲ್ಲದ ಕ್ಷೇತ್ರವನ್ನು ಹೊಕ್ಕಾಗ ನುರಿತವರೂ ಮೊದಲ ಹಂತದವರೇ ಆಗಬಹುದೆಂದು ಅವರು ತಿಳಿಸಿದ್ದಾರೆ. ಈ ಮಾತಿನಲ್ಲಿಯೇ ಸೌಹಾರ್ದದ ದಾರಿಯಿದೆಯೆಂದು ನಾವು ಭಾವಿಸುತ್ತೇವೆ. ರೋಗಿಯ ಮುಖಚರ್ಯೆ ಓದುವುದರಲ್ಲಿ ಹಿರಿಯರು ಗುರು. ಹೊಸ ಯಂತ್ರದ ಮುಂದೆ ಕಿರಿಯರು ಗುರು. ಪಾಳಿ ಬದಲಾಗುವಾಗ ಹತ್ತು ನಿಮಿಷ ಇಬ್ಬರೂ ರೋಗಿಯ ಬಳಿ ನಿಂತು ಮಾತನಾಡಿದರೆ ವಿದ್ಯೆಯ ವಿನಿಮಯ ತಾನಾಗಿಯೇ ನಡೆಯುತ್ತದೆ. ಕಿರಿಯರ ಪ್ರಶ್ನೆಯನ್ನು ಎಲ್ಲರೆದುರು ಹೀಯಾಳಿಸಬಾರದು. ಹಿರಿಯರ ನಿಧಾನವನ್ನು ನಗೆಗೀಡು ಮಾಡಬಾರದು.

ಆದರೆ ಸದ್ಭಾವವೊಂದೇ ಸಾಲದು. 1983ರಲ್ಲಿ ಅಮೆರಿಕನ್ ಅಕಾಡೆಮಿ ಆಫ್ ನರ್ಸಿಂಗ್ ಸಂಸ್ಥೆಯು, ಕೊರತೆಯ ಕಾಲದಲ್ಲಿಯೂ ದಾದಿಯರನ್ನು ಉಳಿಸಿಕೊಂಡಿದ್ದ 41 ಆಸ್ಪತ್ರೆಗಳ ಅಧ್ಯಯನವನ್ನು ಪ್ರಕಟಿಸಿತು. ಅಲ್ಲಿ ಕಂಡುಬಂದವು ಸಾಕಷ್ಟು ಸಿಬ್ಬಂದಿ, ಹೊಂದಿಕೆಯಾಗುವ ಪಾಳಿ, ಮಾತಿಗೆ ಸಿಗುವ ಮೇಲಧಿಕಾರಿಗಳು, ನಿರ್ಧಾರಗಳಲ್ಲಿ ದಾದಿಯರಿಗೂ ಪಾಲು. ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ 2016ರಲ್ಲಿ ರಚಿತವಾದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಗಳಲ್ಲಿಯೂ ದಾದಿಯರ ಮಾಸಿಕ ವೇತನ 20,000 ರೂಪಾಯಿಗೆ ಕಡಿಮೆಯಿರಬಾರದೆಂದು ಶಿಫಾರಸು ಮಾಡಿತು. ನ್ಯಾಯವಾದ ವೇತನವೂ ಸಾಕಷ್ಟು ವಿಶ್ರಾಂತಿಯೂ ಇಲ್ಲದೆಡೆ ಮೇ 12ರ ದಾದಿಯರ ದಿನದಂದು ಹಂಚುವ ಹೂವು ಮನಸ್ಸನ್ನು ಅರಳಿಸೀತೇ?

ಕುಟುಂಬದವರಾದ ನಮಗೂ ಇಲ್ಲಿ ಹೊಣೆಯಿದೆ. ರಾತ್ರಿಪಾಳಿ ಮುಗಿಸಿ ಬಂದ ಮಗಳನ್ನೋ ಸೊಸೆಯನ್ನೋ ನೇರವಾಗಿ ಅಡುಗೆಮನೆಗೆ ಕಳುಹಿಸದಿರೋಣ. ಮೊದಲು ಮಲಗಲು ಬಿಡೋಣ. ಆಸ್ಪತ್ರೆಗೆ ಹೋದಾಗ ದಾದಿಯರನ್ನು ಗದರಿಸದೆ, ಹೆಸರು ಕೇಳಿ ಗೌರವದಿಂದ ಮಾತನಾಡೋಣ. ಅನ್ಯರ ನೋವನ್ನು ಆರೈಸುವ ಕೈಗಳಿಗೂ ಆರೈಕೆ ಬೇಕು.