ಆಂಟಿಯ ಚಕ್ಕುಲಿಗೂ ಒಂದು ಲೆಕ್ಕ ಇರಲಿ

ಡಾಲಸ್‌ಗೆ ಬಂದ ಮೊದಲ ದೀಪಾವಳಿಯಲ್ಲಿ ನಮ್ಮ ರೂಮಿಗೆ ಹಬ್ಬ ತಂದಿದ್ದು ಫ್ರಿಸ್ಕೋದ ಒಬ್ಬ ಆಂಟಿಯ ಚಕ್ಕುಲಿ. ವಾಟ್ಸಾಪ್‌ನಲ್ಲಿ ಆರ್ಡರ್, ಝೆಲ್‌ನಲ್ಲಿ ದುಡ್ಡು, ಗ್ಯಾರೇಜ್ ಬಾಗಿಲಲ್ಲಿ ಡಬ್ಬಿ. ಜೊತೆಗೆ "ಊಟ ಆಯ್ತೇನ್ರೋ?" ಅನ್ನೋ ಮಾತು ಫ್ರೀ. ಹ್ಯೂಸ್ಟನ್ ಕಡೆಯ ಕೇಟಿಯಲ್ಲಿ ಸಂಗೀತ ಪಾಠ, ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ನಲ್ಲಿ ಸೀರೆ ವ್ಯಾಪಾರ. ಅಲ್ಲಿ ಓದುವ ನಮ್ಮ ಗೆಳೆಯರು ಹೇಳೋದೂ ಇಂಥದೇ ಕಥೆ.

ಈ ಸಲ, 2025ರ ದೀಪಾವಳಿಗೆ ಡಬ್ಬಿ ತರೋಕೆ ಹೋದಾಗ ಆಂಟಿ ಲ್ಯಾಪ್‌ಟಾಪ್ ಮುಂದೆ ಕೂರಿಸಿದರು. ಅಂಕಲ್ ಕೆಲಸ ಹೋಗಿತ್ತು. ತಮ್ಮ ಹೆಸರಿನ ಸೋಷಿಯಲ್ ಸೆಕ್ಯೂರಿಟಿ ಖಾತೆಯಲ್ಲಿ ಏನಿದೆ ನೋಡಬೇಕಿತ್ತು ಅವರಿಗೆ. ತೆರೆದರೆ 2019ರಿಂದ 2024ರವರೆಗೆ ಸಾಲಾಗಿ ಸೊನ್ನೆ. "ಆರು ವರ್ಷ ಎಣ್ಣೆ ಬಾಣಲೆ ಮುಂದೆ ನಿಂತಿದ್ದೀನಿ ಕಣ್ರೋ, ಇಲ್ಲಿ ಏನೂ ಇಲ್ವಲ್ಲ" ಅಂದರು. ಕೆಲಸದ ಪರ್ಮಿಟ್ ಇತ್ತು, ಗಿರಾಕಿಗಳಿದ್ದರು, ಲಾಭವೂ ಇತ್ತು. ಆದರೆ ಆ ದುಡ್ಡನ್ನು ಟ್ಯಾಕ್ಸ್ ರಿಟರ್ನ್‌ನಲ್ಲಿ ಯಾರೂ ಬರೆದಿರಲಿಲ್ಲ. ಮೋಸ ಮಾಡಬೇಕು ಅಂತಲ್ಲ. ಅದನ್ನು ಮನೆಯಲ್ಲಿ ಯಾರೂ ಸಂಪಾದನೆ ಅಂತ ಅಂದುಕೊಂಡೇ ಇರಲಿಲ್ಲ.

ನಮ್ಮ ಅಭಿಪ್ರಾಯ ಇಷ್ಟೇ: ಮನೆಯಿಂದ ಮಾಡುವ ಕೆಲಸಕ್ಕೆ ತೆರಿಗೆ ಕಟ್ಟದಿರೋದು ಉಳಿತಾಯ ಅಲ್ಲ. ದುಡಿದವರ ಹೆಸರನ್ನೇ ಲೆಕ್ಕದಿಂದ ಅಳಿಸಿದ ಹಾಗೆ.

"ಟೆಕ್ಸಾಸ್‌ನಲ್ಲಿ ಟ್ಯಾಕ್ಸ್ ಇಲ್ಲ" ಅನ್ನೋದು ಅರ್ಧ ಸತ್ಯ. ಇಲ್ಲದಿರೋದು ರಾಜ್ಯದ ಆದಾಯ ತೆರಿಗೆ ಮಾತ್ರ. ವರ್ಷದ ನಿವ್ವಳ ಲಾಭ 400 ಡಾಲರ್ ಮುಟ್ಟಿದರೆ ಫೆಡರಲ್ ಸ್ವಉದ್ಯೋಗ ತೆರಿಗೆ ಲೆಕ್ಕ ಹಾಕಲೇಬೇಕು. ದರ 15.3%, ಅದೂ ಲಾಭದ 92.35%ರ ಮೇಲೆ. ಸಂಬಳದವರಿಗೆ ಇದರಲ್ಲಿ ಅರ್ಧ ಕಂಪನಿ ಕಟ್ಟುತ್ತೆ, ಇಲ್ಲಿ ಎರಡೂ ಪಾಲು ನಮ್ಮದೇ. ಒಂದು ಉದಾಹರಣೆ: ವರ್ಷಕ್ಕೆ 14,000 ಡಾಲರ್ ಮಾರಾಟ, ಹಿಟ್ಟು, ಎಣ್ಣೆ, ಡಬ್ಬಿ, ಓಡಾಟಕ್ಕೆ 5,000 ಖರ್ಚು. ಉಳಿದ 9,000ಕ್ಕೆ ಈ ತೆರಿಗೆ ಸುಮಾರು 1,272 ಡಾಲರ್. ಮಾಮೂಲಿ ಆದಾಯ ತೆರಿಗೆ ಬೇರೆ.

ಜಾಸ್ತಿ ಅನ್ಸುತ್ತೆ, ನಿಜ. ಆದರೆ ಅದಕ್ಕೆ ಪ್ರತಿಯಾಗಿ ಸಿಗೋದನ್ನೂ ನೋಡಿ. 2025ರಲ್ಲಿ ಪ್ರತಿ 1,810 ಡಾಲರ್ ಗಳಿಕೆಗೆ ಒಂದು ಕ್ರೆಡಿಟ್, ವರ್ಷಕ್ಕೆ ಹೆಚ್ಚೆಂದರೆ ನಾಲ್ಕು. 40 ಕ್ರೆಡಿಟ್ ಆದರೆ ತಮ್ಮದೇ ಹೆಸರಿನ ನಿವೃತ್ತಿ ಪಿಂಚಣಿಗೆ ಅರ್ಹತೆ. ಅಷ್ಟು ಲಾಭ ಬಂದಿದ್ದರೆ ಆಂಟಿಯ ಆರು ವರ್ಷಕ್ಕೆ 24 ಕ್ರೆಡಿಟ್ ಸೇರುತ್ತಿದ್ದವು. ಭಾರತ–ಅಮೆರಿಕ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದ ಇಲ್ಲ, ಹಾಗಾಗಿ ಊರಲ್ಲಿ ದುಡಿದ ವರ್ಷಗಳು ಇಲ್ಲಿ ಸೇರಲ್ಲ. ಇನ್ನೊಂದು ಕಹಿ ಮಾತು: ಸ್ವಉದ್ಯೋಗದ ಗಳಿಕೆಯನ್ನು ಆ ವರ್ಷ ಮುಗಿದ ಮೂರು ವರ್ಷ, ಮೂರು ತಿಂಗಳು, ಹದಿನೈದು ದಿನದೊಳಗೆ ದಾಖಲಿಸಬೇಕು. ಆಂಟಿಯ ಮೊದಲ ಮೂರು ವರ್ಷಗಳಿಗೆ ಆ ಗಡುವು ದಾಟಿಹೋಗಿದೆ.

"ಗಂಡನ ದಾಖಲೆಯ ಮೇಲೆ ಹೆಂಡತಿಗೆ ಅರ್ಧದವರೆಗೆ ಬರುತ್ತಲ್ಲ?" ಅಂತ ಕೇಳಬಹುದು. ಬರುತ್ತೆ. ಆದರೆ ಮದುವೆ ಹತ್ತು ವರ್ಷ ತುಂಬೋ ಮೊದಲೇ ಮುರಿದರೆ ಆ ಹಕ್ಕೂ ಇಲ್ಲ. ಕಾಯಿಲೆ ಬಿದ್ದು ದುಡಿಯಲಾಗದಿದ್ದರೆ ಅಂಗವೈಕಲ್ಯ ವಿಮೆಗೆ ತಮ್ಮದೇ ಕ್ರೆಡಿಟ್ ಬೇಕು.

ಲೆಕ್ಕ ಇಟ್ಟರೆ ತೆರಿಗೆಯೂ ಕಮ್ಮಿಯಾಗುತ್ತೆ. ಡೆಲಿವರಿಗೆ ಓಡಿಸಿದ ಕಾರಿಗೆ 2025ರಲ್ಲಿ ಮೈಲಿಗೆ 70 ಸೆಂಟ್ ಕಳೆಯಬಹುದು. ಪಾಠಕ್ಕೆ ಮಾತ್ರ ಬಳಸುವ ಕೋಣೆ ಇದ್ದರೆ ಚದರಡಿಗೆ 5 ಡಾಲರ್, 300 ಚದರಡಿವರೆಗೆ. ಮನೆಯವರ ಅಡುಗೆಯೂ ಆಗುವ ಅಡುಗೆಮನೆಗೆ ಇದು ಸಿಗಲ್ಲ. ವರ್ಷಕ್ಕೆ 1,000 ಡಾಲರ್‌ಗಿಂತ ಹೆಚ್ಚು ಬಾಕಿ ಬರೋ ಹಾಗಿದ್ದರೆ ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿ 15ಕ್ಕೆ ಕಂತು ಕಟ್ಟಬೇಕು. ಇಲ್ಲದಿದ್ದರೆ ಗಂಡನ ಸಂಬಳದಲ್ಲೇ ಹೆಚ್ಚು ಹಿಡಿಸಿಕೊಳ್ಳಬಹುದು. ಸೀರೆ ಮಾರುವವರಿಗೆ 6.25% ಸೇಲ್ಸ್ ಟ್ಯಾಕ್ಸ್ ಇದೆ, ಸ್ಥಳೀಯ ತೆರಿಗೆ 2%ವರೆಗೆ ಸೇರುತ್ತೆ. ಅದರ ಪರ್ಮಿಟ್‌ಗೆ ಶುಲ್ಕ ಇಲ್ಲ. ಝೆಲ್‌ನಿಂದ ಫಾರ್ಮ್ ಬರಲ್ಲ ಅಂದ ಮಾತ್ರಕ್ಕೆ ಆದಾಯ ಆದಾಯವಲ್ಲ ಅಂತ ಆಗಲ್ಲ.

ಮನೆಯಲ್ಲಿ ಮಾಡಿದ ತಿಂಡಿ ಮಾರಾಟಕ್ಕೆ ಟೆಕ್ಸಾಸ್ 2011ರಲ್ಲೇ ಕಾನೂನು ಮಾಡಿದೆ. ವರ್ಷಕ್ಕೆ 50,000 ಡಾಲರ್ ಇದ್ದ ಮಿತಿ 2025ರ ಸೆಪ್ಟೆಂಬರ್ 1ರಿಂದ 1,50,000 ಆಗಿದೆ. ಸರ್ಕಾರವೇ ಇದನ್ನು ವ್ಯಾಪಾರ ಅಂತ ಒಪ್ಪಿಕೊಂಡಿರುವಾಗ ನಾವು ಮಾತ್ರ ಇನ್ನೂ "ಆಂಟಿ ಟೈಂಪಾಸ್‌ಗೆ ಮಾಡ್ತಾರೆ" ಅಂತೀವಿ.

ನಮ್ಮ ವಿಷಯವೂ ಇದೆ. ಎಫ್–1 ವೀಸಾದಲ್ಲಿ ಓದುತ್ತಿರುವಾಗ ಅನುಮತಿ ಇಲ್ಲದೆ ಇಂಥ ಸೈಡ್ ಬಿಸಿನೆಸ್ ಮಾಡೋ ಹಾಗಿಲ್ಲ. ಗೆಳೆಯನ ಅಕೌಂಟ್‌ನಲ್ಲಿ ಡೆಲಿವರಿಗೆ ಹೋಗೋದೂ ಅಷ್ಟೇ. ತೆರಿಗೆ ಕಟ್ಟಿದರೂ ಅದು ಸಕ್ರಮ ಆಗಲ್ಲ. ಆದರೆ ಸಂಬಳ ಇಲ್ಲದೆ ಒಂದು ಉಪಕಾರ ಮಾಡಬಹುದು. ಎಂಜಿನಿಯರಿಂಗ್ ಓದಿ ಬಂದ ನಮಗೆ ಸ್ಪ್ರೆಡ್‌ಶೀಟ್ ಮಾಡೋದು ಎಷ್ಟು ಹೊತ್ತಿನ ಕೆಲಸ? ಬರೋ ಜನವರಿಯಲ್ಲಿ ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆ ಒಂದೊಂದು ಶನಿವಾರ ಆಂಟಿಯರ ಜೊತೆ ಕೂರೋಣ. ತಾರೀಖು, ಬಂದದ್ದು, ಹೋದದ್ದು, ಮೈಲಿ, ರಸೀದಿಯ ಫೋಟೋ: ಐದೇ ಕಾಲಂ. ಮುಂದಿನದನ್ನು ತಿಳಿದ ಸಿಪಿಎ ನೋಡಲಿ.

ಫ್ರಿಸ್ಕೋದ ಆಂಟಿ ಈಗ ಉಳಿದ ಮೂರು ವರ್ಷದ ರಿಟರ್ನ್ ತಿದ್ದಿಸುತ್ತಿದ್ದಾರೆ. ಬಡ್ಡಿ, ದಂಡ ಎಷ್ಟಾಗುತ್ತೋ ಅಂತ ಹೆದರಿಕೆ ಇದ್ದೇ ಇದೆ. ಹೋದ ವಾರ ನಾವು ಮಾಡಿಕೊಟ್ಟ ಶೀಟ್‌ನಲ್ಲಿ ಮೊದಲ ಸಾಲು ಅವರೇ ಟೈಪ್ ಮಾಡಿದರು: "ಚಕ್ಕುಲಿ, 2 ಡಬ್ಬಿ, ಸ್ಟೂಡೆಂಟ್ಸ್." ನಮ್ಮಿಂದ ಬಂದ ದುಡ್ಡು ಲೆಕ್ಕ ಸೇರಿದ್ದು ಅದೇ ಮೊದಲು.